ಐವತ್ತು ಬಿಟ್‌ಗಳಲ್ಲಿ ಏನೇನು ಹೇಳಬಹುದು? ಕಡಲ ಮೇಲಿನ ತೇಲುಬುರುಡೆ ಮತ್ತು ಹ್ಯಾಮ್ ರೇಡಿಯೊ

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ನಡುನಡುವೆ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರದಲ್ಲಿ ನನ್ನ ಮಾತಿಗೆ ‘ಕಡಲಿನ ಜಿಪಿಎಸ್’ ಎಂಬ ಹೆಸರು ಅಚ್ಚಾಗಿದೆ. ಜಿಪಿಎಸ್ ಬಗ್ಗೆ ನಾನು ಹೇಳುವುದು ಬಹಳ ಕಡಿಮೆ. ಇಂದು ಕೈಗಡಿಯಾರದೊಳಗೂ ಜಿಪಿಎಸ್ ಇದೆ. ಅರಬ್ಬಿ ಸಮುದ್ರದ ನಡುವೆ ತೇಲುತ್ತಿರುವ, ಒಳಗೆ ಜಿಪಿಎಸ್ ಮತ್ತು ರೇಡಿಯೊ ಇರುವ ಒಂದು ಪಿವಿಸಿ ಕೊಳವೆಗೆ, ಅಂದರೆ ನಮ್ಮ ತೇಲುಬುರುಡೆಗೆ, ತಾನು ಎಲ್ಲಿದ್ದೇನೆ ಎಂಬುದು ಕೆಲವೇ ಮೀಟರ್‌ಗಳ ನಿಖರತೆಯಲ್ಲಿ ಗೊತ್ತಿರುತ್ತದೆ. ಪೇಚಾಟವೆಲ್ಲ ಅದನ್ನು ನಮಗೆ ತಿಳಿಸುವುದರಲ್ಲಿ.

ದಡದಿಂದ ಕೆಲವು ಹತ್ತು ಕಿಲೋಮೀಟರ್ ದಾಟಿದರೆ ಮೊಬೈಲ್ ಸತ್ತಂತೆ. ಮಲ್ಪೆಯ ಆಳಸಮುದ್ರ ಮೀನುಗಾರರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಸಮುದ್ರ ವಿಜ್ಞಾನಿಗಳಿಗೆ ಈ ಕಷ್ಟವಿಲ್ಲ, ಅವರ ಬಳಿ ಉಪಗ್ರಹಗಳಿವೆ. ತೇಲುಬುರುಡೆಗಳ ಮಾತು ಕೇಳಲೆಂದೇ ‘ಆರ್ಗೋಸ್’ ವ್ಯವಸ್ಥೆ 1978ರಿಂದ ಕೆಲಸ ಮಾಡುತ್ತಿದೆ. ಪ್ರಪಂಚದ ಸಾಗರಗಳನ್ನು ಐದೈದು ಡಿಗ್ರಿಯ ಚೌಕಗಳಾಗಿ ಹಂಚಿಕೊಂಡು 1,250 ಬುರುಡೆಗಳನ್ನು ಸದಾ ತೇಲಿಸಿಟ್ಟಿರಬೇಕು ಎಂಬ ಗುರಿಯನ್ನು ಜಾಗತಿಕ ಡ್ರಿಫ್ಟರ್ (ಪ್ರವಾಹದೊಡನೆ ತೇಲುವ ಬುರುಡೆ) ಯೋಜನೆ 2005ರಲ್ಲೇ ಮುಟ್ಟಿತು. ಹವ್ಯಾಸಿಯ ಜೇಬಿಗೆ ಈ ದಾರಿ ಭಾರ. ನಮ್ಮ ದೇಶದಲ್ಲಂತೂ ಅನುಮತಿ ಇಲ್ಲದೆ ಉಪಗ್ರಹ ಫೋನ್ ಬಳಸುವುದೇ ಅಪರಾಧ. ಹಾಗಾಗಿ ನಾವು, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊದವರಾದ ಹ್ಯಾಮ್‌ಗಳು, ಬಾಡಿಗೆ ಕೇಳದ ಇನ್ನೊಂದು ಕನ್ನಡಿಯತ್ತ ತಿರುಗುತ್ತೇವೆ: ನೆತ್ತಿಯ ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳ. 14 ಮೆಗಾಹರ್ಟ್ಸ್ ಆಸುಪಾಸಿನ ಕಿರುತರಂಗಗಳನ್ನು ಅದು ಬಾಗಿಸಿ ಮತ್ತೆ ನೆಲಕ್ಕೆ ಕಳಿಸುತ್ತದೆ. ಹಗಲಿನಲ್ಲಿ ಒಂದು ವ್ಯಾಟ್‌ನ ಐದನೆಯ ಒಂದು ಭಾಗದಷ್ಟು ಶಕ್ತಿ ಸಾಕು, ಸಂಕೇತ ಖಂಡಾಂತರ ಹೋಗುತ್ತದೆ.

ಹೋಗುತ್ತದೆ, ನಿಜ. ಆದರೆ ಎಷ್ಟು ಮಾತನ್ನು ಹೊತ್ತುಕೊಂಡು ಹೋಗುತ್ತದೆ? ಇವತ್ತಿನ ನನ್ನ ವಿಷಯ ಇಷ್ಟೇ.

ಹ್ಯಾಮ್‌ಗಳ ಮೊದಲ ಉಪಗ್ರಹ ಆಸ್ಕರ್-1 ಹಾರಿದ್ದು 1961ರ ಡಿಸೆಂಬರ್ 12ರಂದು. ಅದು ಮೋರ್ಸ್‌ನಲ್ಲಿ ‘ಹಾಯ್’ ಎಂದಷ್ಟೇ ಹೇಳುತ್ತಿತ್ತು: ನಾಲ್ಕು ಚುಕ್ಕೆ, ಮತ್ತೆರಡು ಚುಕ್ಕೆ. ಶಕ್ತಿ 140 ಮಿಲಿವ್ಯಾಟ್. ಇಪ್ಪತ್ತೆರಡು ದಿನ ಅದೇ ಜಪ. ಆದರೆ ಕಟ್ಟಿದವರು ಜಾಣರು. ಉಪಗ್ರಹದ ಒಳಗಿನ ತಾಪಮಾನಕ್ಕೆ ತಕ್ಕಂತೆ ಆ ‘ಹಾಯ್’ನ ವೇಗ ಬದಲಾಗುವ ಹಾಗೆ ಮಾಡಿದ್ದರು. ಕೈಯಲ್ಲಿ ಗಡಿಯಾರ ಹಿಡಿದು ಎಷ್ಟು ಸೆಕೆಂಡಿಗೆ ಎಷ್ಟು ‘ಹಾಯ್’ ಎಂದು ಎಣಿಸಿದರೆ ಅಂತರಿಕ್ಷದಲ್ಲಿ ಆ ಡಬ್ಬಿ ಎಷ್ಟು ಬಿಸಿಯಾಗಿದೆ ಎಂಬುದು ತಿಳಿಯುತ್ತಿತ್ತು. 28 ದೇಶಗಳ 570ಕ್ಕೂ ಹೆಚ್ಚು ಹವ್ಯಾಸಿಗಳು ಕೇಳಿ ವರದಿ ಕಳಿಸಿದರು. ಒಂದಕ್ಷರವನ್ನೂ ಹೆಚ್ಚು ಕಳಿಸದೆ ಒಂದು ಅಳತೆಯನ್ನು ಕಳಿಸಿದ ಈ ಉಪಾಯವನ್ನು ನಾನು ಟೆಲಿಮೆಟ್ರಿಯ, ಅಂದರೆ ಅಳತೆಗಳನ್ನು ದೂರದಿಂದ ತಿಳಿಸುವ ವಿದ್ಯೆಯ, ಮೊದಲ ಪಾಠ ಎಂದು ಹೇಳಿಕೊಡುತ್ತೇನೆ. (ನಮ್ಮದೂ ಒಂದಿತ್ತು: 2005ರ ಮೇ 5ರಂದು ಪಿಎಸ್ಎಲ್‌ವಿ-ಸಿ6 ಹೊತ್ತೊಯ್ದ ಹ್ಯಾಮ್‌ಸ್ಯಾಟ್. ಅದರ ಕಥೆಗೆ ಇನ್ನೊಂದು ಸಂಜೆ ಬೇಕು.)

ಈಗ ತೇಲುಬುರುಡೆಗೆ ಬರೋಣ. ಕಡಲಲ್ಲಿ ಇಂದು ಹ್ಯಾಮ್‌ಗಳಿಗೆ ಒಗ್ಗಿರುವ ವಿಧಾನದ ಹೆಸರು ‘ಡಬ್ಲ್ಯುಎಸ್‌ಪಿಆರ್’. ಎಲ್ಲರೂ ವಿಸ್ಪರ್ ಎಂದೇ ಕರೆಯುತ್ತಾರೆ. ಇದನ್ನು 2008ರಲ್ಲಿ ಹೊರತಂದವರು ಜೋ ಟೇಲರ್. ದೂರದ ಪಲ್ಸಾರ್ (ಮಿಡಿಯುವ ರೇಡಿಯೊ ಸಂಕೇತ ಸೂಸುವ ನಕ್ಷತ್ರ) ಒಂದರ ಜೋಡಿಯನ್ನು ಪತ್ತೆಹಚ್ಚಿದ್ದಕ್ಕಾಗಿ 1993ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡವರು ಇವರೇ. ಗದ್ದಲದ ಅಡಿಯಲ್ಲಿ ಹೂತುಹೋದ ಕ್ಷೀಣ ಸಂಕೇತವನ್ನು ಹೆಕ್ಕಿ ತೆಗೆಯುವುದು ಅವರಿಗೆ ವೃತ್ತಿಯೂ ಹೌದು, ಹವ್ಯಾಸವೂ ಹೌದು.

ವಿಸ್ಪರ್‌ನ ಒಂದು ಸಂದೇಶದಲ್ಲಿ ಇರುವುದು ಐವತ್ತು ಬಿಟ್, ಅಂದರೆ ಸೊನ್ನೆ ಅಥವಾ ಒಂದು ಎಂಬ ಐವತ್ತು ಅಂಕಿ. ಅದನ್ನು ಕಳಿಸಲು ತೆಗೆದುಕೊಳ್ಳುವ ಕಾಲ 110.6 ಸೆಕೆಂಡ್. ಸೆಕೆಂಡಿಗೆ ಅರ್ಧ ಬಿಟ್ಟೂ ಇಲ್ಲ! ಐವತ್ತು ಬಿಟ್‌ಗಳನ್ನು ತಪ್ಪು ತಿದ್ದುವ ಸಂಕೇತಗಳೊಂದಿಗೆ ಹಿಗ್ಗಿಸಿ 162 ಸ್ವರಗಳನ್ನಾಗಿ ಮಾಡುತ್ತಾರೆ. ನಾಲ್ಕೇ ನಾಲ್ಕು ಸ್ವರಸ್ಥಾನ, ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಒಂದೂವರೆ ಹರ್ಟ್ಸ್‌ಗಿಂತ ಕಡಿಮೆ. ಇಡೀ ಸಂಕೇತ ಆರು ಹರ್ಟ್ಸ್ ಅಗಲದ ಕಿಂಡಿಯಲ್ಲಿ ಹಿಡಿಸುತ್ತದೆ. ಜಾತ್ರೆಯ ಗದ್ದಲದಲ್ಲಿ ಯಾರೋ ಕೂಗಿದ ಮಾತು ತಿಳಿಯದೆ ಹೋದರೂ, ಎಲ್ಲೋ ಮಿಡಿಯುತ್ತಿರುವ ತಂಬೂರಿಯ ಶ್ರುತಿಯನ್ನು ಗಮನವಿಟ್ಟ ಕಿವಿ ಹಿಡಿಯುತ್ತದಲ್ಲ, ಹಾಗೆ. ಸಾಮಾನ್ಯ ಮಾತಿನ ಸಂಕೇತಕ್ಕೆ ಬೇಕಾಗುವ ಎರಡೂವರೆ ಕಿಲೋಹರ್ಟ್ಸ್ ಅಗಲದಲ್ಲಿ ತೂಗಿ ನೋಡಿದರೆ, ಗದ್ದಲದ ಶಕ್ತಿ ಸಂಕೇತದ ಶಕ್ತಿಗಿಂತ ಆರುನೂರು ಪಟ್ಟು ಹೆಚ್ಚಿದ್ದರೂ ವಿಸ್ಪರ್ ಓದಿಸಿಕೊಳ್ಳುತ್ತದೆ. ಮನುಷ್ಯನ ಕಿವಿಗೆ ಅಲ್ಲಿ ಏನೂ ಇಲ್ಲ.

ಐವತ್ತು ಬಿಟ್‌ಗಳ ಹಂಚಿಕೆ ಹೀಗಿದೆ: ಕಳಿಸುವವರ ಕಾಲ್‌ಸೈನ್‌ಗೆ (ಪ್ರತಿ ಹ್ಯಾಮ್‌ಗೂ ಕೊಟ್ಟಿರುವ ಗುರುತಿನ ಅಕ್ಷರಗಳು) 28, ಇರುವ ಜಾಗಕ್ಕೆ 15, ಪ್ರಸಾರ ಶಕ್ತಿಗೆ 7. ಜಾಗ ಎಂದರೆ ಅಕ್ಷಾಂಶ ರೇಖಾಂಶಗಳಲ್ಲ. ಭೂಮಿಯನ್ನು ಚೌಕಗಳಾಗಿ ಹಂಚಿ ಹೆಸರಿಡುವ, ಹ್ಯಾಮ್‌ಗಳು ಬಳಸುವ ಮೇಡನ್‌ಹೆಡ್ ಗ್ರಿಡ್‌ನ ಮೊದಲ ನಾಲ್ಕು ಅಕ್ಷರ ಮಾತ್ರ. ಉದಾಹರಣೆಗೆ ಮಂಗಳೂರು ಇರುವ ಚೌಕ ‘ಎಂಕೆ72’. ಕೇಳಲು ಚೆನ್ನಾಗಿದೆ. ಆದರೆ ಈ ಚೌಕ ತೆಂಕು ಬಡಗಿಗೆ 111 ಕಿಲೋಮೀಟರ್, ಮೂಡು ಪಡುವಣಕ್ಕೆ ಸುಮಾರು 217 ಕಿಲೋಮೀಟರ್. ಕಾಸರಗೋಡೂ ಎಂಕೆ72, ಮಡಿಕೇರಿಯೂ ಎಂಕೆ72, ಸಕಲೇಶಪುರವೂ ಎಂಕೆ72! ಬುರುಡೆ ಕಡಲಲ್ಲಿದೆಯೋ ಕೊಡಗಿನ ಕಾಫಿ ತೋಟದಲ್ಲಿದೆಯೋ ಎಂಬುದನ್ನೂ ಹೇಳಲಾಗದ ವಿಳಾಸ ಇದು. ಗಂಟೆಗೆ ಒಂದು ನಾಟಿಕಲ್ ಮೈಲಿಯಂತೆ, ಅಂದರೆ ಒಂದು ನಾಟ್ ವೇಗದಲ್ಲಿ, ತೇಲಿದರೆ ದಿನಕ್ಕೆ 44 ಕಿಲೋಮೀಟರ್ ಆಗುತ್ತದೆ. ಚೌಕದ ಒಂದು ಮೂಲೆಯಿಂದ ಹೊರಟರೆ ನಾಲ್ಕೈದು ದಿನವಾದರೂ ನಕ್ಷೆಯ ಮೇಲೆ ಅದು ಅಲ್ಲಾಡಿದಂತೆಯೇ ಕಾಣುವುದಿಲ್ಲ.

ಬಲೂನು ಹಾರಿಸುವ ಹ್ಯಾಮ್‌ಗಳು ಇದಕ್ಕೊಂದು ದಾರಿ ಕಂಡುಕೊಂಡರು. ಮೊದಲ ಸಂದೇಶ ನೇರವಾದದ್ದು: ನಿಜವಾದ ಕಾಲ್‌ಸೈನ್, ನಾಲ್ಕಕ್ಷರದ ಚೌಕ, ಶಕ್ತಿ. ಎರಡು ನಿಮಿಷ ಬಿಟ್ಟು ಎರಡನೆಯ ಸಂದೇಶ. ಇದರಲ್ಲಿ ಕಾಲ್‌ಸೈನ್ ಇರಬೇಕಾದ ಕಡೆ ‘0’, ‘1’ ಅಥವಾ ‘ಕ್ಯು’ದಿಂದ ಶುರುವಾಗುವ ಒಂದು ವೇಷ. ಇಂಥ ಕಾಲ್‌ಸೈನ್‌ಗಳನ್ನು ಯಾವ ದೇಶವೂ ಯಾರಿಗೂ ಕೊಟ್ಟಿಲ್ಲ, ಹಾಗಾಗಿ ಗೊಂದಲವಾಗದು. ಈ ವೇಷದೊಳಗೆ 6,32,736 ಸಾಧ್ಯತೆಗಳಿವೆ. ಚೌಕವನ್ನು ಇನ್ನೂ ಸಣ್ಣದಾಗಿ ಒಡೆಯುವ ಐದನೆಯ, ಆರನೆಯ ಅಕ್ಷರಗಳಿಗೆ 24 ಗುಣಿಸು 24, ಅಂದರೆ 576. ಉಳಿದದ್ದರಲ್ಲಿ ಎತ್ತರ, ಇಪ್ಪತ್ತಿಪ್ಪತ್ತು ಮೀಟರ್‌ನಂತೆ 1,068 ಮೆಟ್ಟಿಲು. ಇವೆರಡನ್ನೂ ಗುಣಿಸಿದರೆ 6,15,168. ಹಿಡಿಸಿತು! ಹಾಗೆಯೇ ಗ್ರಿಡ್ ಮತ್ತು ಶಕ್ತಿಯ ಜಾಗಗಳನ್ನು ಸೇರಿಸಿದರೆ 32,400 ಗುಣಿಸು 19 ಸಾಧ್ಯತೆಗಳು. ಅಲ್ಲಿ ತಾಪಮಾನ, ಬ್ಯಾಟರಿಯ ವೋಲ್ಟೇಜ್, ವೇಗ ಮತ್ತು ಜಿಪಿಎಸ್ ಸರಿಯಾಗಿದೆಯೇ ಎಂಬ ಹೌದು-ಅಲ್ಲಗಳು. ಈಗ ಜಾಗದ ನಿಖರತೆ ನಮ್ಮ ಅಕ್ಷಾಂಶದಲ್ಲಿ ಸುಮಾರು ನಾಲ್ಕೂವರೆ ಗುಣಿಸು ಒಂಬತ್ತು ಕಿಲೋಮೀಟರ್‌ಗೆ ಇಳಿಯಿತು.

ಬುರುಡೆ ಕಟ್ಟುವ ಅನೇಕರು ಬಲೂನಿನ ಈ ಪೆಟ್ಟಿಗೆಯನ್ನು ಹಾಗೆಯೇ ತಂದು ಕೊಳವೆಯೊಳಗೆ ಇಡುತ್ತಾರೆ. ಕೆಲಸ ನಡೆಯುತ್ತದೆ. ಆದರೆ ಸ್ವಲ್ಪ ಯೋಚಿಸಿ: ಸಮುದ್ರದ ಮೇಲೆ ತೇಲುವ ವಸ್ತುವಿನ ಎತ್ತರ ಎಷ್ಟು? ಸದಾ ಸೊನ್ನೆ. 1,068 ಮೆಟ್ಟಿಲುಗಳಲ್ಲಿ ಒಂದನ್ನು ಮಾತ್ರ ತುಳಿದು ಉಳಿದ 1,067ನ್ನು ನೀರಿಗೆ ಚೆಲ್ಲುತ್ತಿದ್ದೇವೆ. ವೇಗದ ಮನೆಯೂ ಹಾಗೆಯೇ. ಎರಡೆರಡು ನಾಟ್‌ಗಳಂತೆ 82 ನಾಟ್‌ವರೆಗೆ ಅಲ್ಲಿ ಜಾಗವಿದೆ. ಬುರುಡೆ ಓಡುವುದು ಹೆಚ್ಚೆಂದರೆ ಎರಡು ಮೂರು ನಾಟ್. ತಾಪಮಾನ ಮೈನಸ್ 50ರಿಂದ 39 ಡಿಗ್ರಿವರೆಗೆ, ಒಂದೊಂದು ಡಿಗ್ರಿಯ ಹೆಜ್ಜೆಯಲ್ಲಿ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಚಳಿಗೆ ಅದು ಸರಿ, ಅರಬ್ಬಿ ಸಮುದ್ರಕ್ಕೆ ಏಕೆ?

ನನ್ನ ಕೈಯಲ್ಲಿದ್ದರೆ ಎತ್ತರದ ಮನೆಯನ್ನು ಖಾಲಿ ಮಾಡಿಸಿ ಹೀಗೆ ತುಂಬುತ್ತೇನೆ. ನೀರಿನ ತಾಪಮಾನ 15ರಿಂದ 35 ಡಿಗ್ರಿ, ಹತ್ತನೆಯ ಒಂದು ಡಿಗ್ರಿಯ ಹೆಜ್ಜೆಯಲ್ಲಿ ಇನ್ನೂರು ಮೆಟ್ಟಿಲು. ಅದಕ್ಕೆ ಐದು ಸ್ಥಿತಿಗಳನ್ನು ಗುಣಿಸಿ: ನೆಟ್ಟಗಿದೆ, ವಾಲಿದೆ, ಮಲಗಿದೆ, ಒಳಗೆ ತೇವ ಬಂದಿದೆ, ಅಡಿಯ ಭಾರ ಕಳಚಿದೆ. ಒಟ್ಟು ಸಾವಿರ, 1,068ರೊಳಗೆ ಆರಾಮವಾಗಿ ಕುಳಿತುಕೊಳ್ಳುತ್ತದೆ. ವೇಗವನ್ನು ಹತ್ತನೆಯ ಒಂದು ನಾಟ್‌ನಂತೆ ಕಳಿಸಬಹುದು. ಒಂದೇ ತೊಂದರೆ, ಬಲೂನುಗಳಿಗೆಂದು ಬರೆದ ತಂತ್ರಾಂಶ ಇದನ್ನು ತಪ್ಪಾಗಿ ಓದಿ, ನಿಮ್ಮ ಬುರುಡೆ ಮಲ್ಪೆಯ ಮೇಲೆ ಎಂಟು ಕಿಲೋಮೀಟರ್ ಎತ್ತರದಲ್ಲಿ ಹಾರುತ್ತಿದೆ ಎಂದು ತೋರಿಸುತ್ತದೆ. ಆದ್ದರಿಂದ ಬಿಡಿಸುವ ಕೋಷ್ಟಕವನ್ನು ನೀವೇ ಬರೆದು ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು. ಇದು ಅನುಕೂಲದ ಮಾತು ಮಾತ್ರವಲ್ಲ. ಹ್ಯಾಮ್ ತರಂಗಗಳಲ್ಲಿ ಅರ್ಥ ಮರೆಮಾಚುವ ಗುಪ್ತಲಿಪಿಗೆ ಜಾಗವಿಲ್ಲ. ವೇಷದ ಕಾಲ್‌ಸೈನ್ ಬಗ್ಗೆ ಮೂಗು ಮುರಿಯುವ ಹಿರಿಯ ಹ್ಯಾಮ್‌ಗಳು ಇದ್ದಾರೆ. ಮೊದಲ ಸಂದೇಶದಲ್ಲಿ ನಿಜವಾದ ಗುರುತು ಹೇಳಿರುವಾಗ, ಕೋಷ್ಟಕ ಎಲ್ಲರ ಮುಂದೆ ತೆರೆದಿರುವಾಗ ಇದರಲ್ಲಿ ಕಳ್ಳತನವೇನೂ ಇಲ್ಲ ಎಂಬುದು ನನ್ನ ನಿಲುವು.

ಕೇಳುವವರು ಯಾರು? ಬುರುಡೆಯ ಒಡೆಯನಂತೂ ಬಹುತೇಕ ಅಲ್ಲ. ಬುರುಡೆ ಮಂಗಳೂರಿನಿಂದ ನಾನೂರು ಕಿಲೋಮೀಟರ್ ಪಶ್ಚಿಮದಲ್ಲಿದೆ ಎಂದುಕೊಳ್ಳಿ. ನೀರಿನ ಮೇಲೆ ಹರಿದು ಬರುವ ರೇಡಿಯೊ ಅಲೆ ಅಷ್ಟು ದೂರಕ್ಕೆ ಸೋತುಹೋಗಿರುತ್ತದೆ. ಆಕಾಶಕ್ಕೆ ಹೋಗಿ ಬಾಗಿ ಬರುವ ಅಲೆ ಮಂಗಳೂರಿನ ತಲೆಯ ಮೇಲೆ ಹಾದು ಎಷ್ಟೋ ಆಚೆ ಇಳಿಯುತ್ತದೆ. ನಡುವಿನ ಈ ಮೂಕ ಪಟ್ಟಿಯಲ್ಲಿ ಕುಳಿತ ಒಡೆಯನಿಗೆ ತನ್ನ ಬುರುಡೆಯ ಉಸಿರೂ ಕೇಳಿಸುವುದಿಲ್ಲ. ಯುರೋಪಿನಲ್ಲೋ ಆಸ್ಟ್ರೇಲಿಯಾದಲ್ಲೋ ಯಾರೋ ಮಲಗಿರುವ ಹೊತ್ತಿನಲ್ಲಿ, ಅವರ ಮನೆಯ ಮೂಲೆಯ ರಿಸೀವರ್ ಮತ್ತು ಕಂಪ್ಯೂಟರ್ ಸೇರಿ ಅದನ್ನು ಓದಿ, ಅಂತರ್ಜಾಲದ ಸಾರ್ವಜನಿಕ ದಾಖಲೆಗೆ ಸೇರಿಸುತ್ತವೆ. ಒಡೆಯ ಬೆಳಗ್ಗೆ ಕಾಫಿ ಕುಡಿಯುತ್ತ ಅದನ್ನು ನೋಡುತ್ತಾನೆ. ನಮ್ಮ ಕರಾವಳಿಯಿಂದ ಅಂಡಮಾನ್‌ವರೆಗಿನ ಭಾಗದಲ್ಲಿ ಹೀಗೆ ಸದಾ ಕಿವಿ ತೆರೆದಿಟ್ಟ ರಿಸೀವರ್‌ಗಳು ವಿರಳ. ಅಗ್ಗದ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಮತ್ತು ಒಂದು ತಂತಿ ಇದ್ದರೆ ಸಾಕು. ಕೇಳಲು ಮಾತ್ರ ಮನಸ್ಸಿದ್ದವರು ನನ್ನನ್ನು ಆಮೇಲೆ ಕಾಣಿರಿ.

ಕಟ್ಟುವ ವಿಷಯಕ್ಕೆ ಬರುತ್ತೇನೆ. ಉಪ್ಪುನೀರು ಆಂಟೆನಾಗೆ ದೊಡ್ಡ ವರ. ಸಮುದ್ರದ ನೀರಿನ ವಿದ್ಯುತ್ ವಾಹಕತೆ ಸಾಮಾನ್ಯ ನೆಲಕ್ಕಿಂತ ಸಾವಿರ ಪಟ್ಟಿನ ಆಸುಪಾಸು ಹೆಚ್ಚು. ನೆಟ್ಟಗೆ ನಿಂತ ಆಂಟೆನಾ ಅಲ್ಲಿ ತನ್ನ ಶಕ್ತಿಯನ್ನು ದಿಗಂತದ ಕಡೆಗೆ ಬಗ್ಗಿಸಿ ಎಸೆಯುತ್ತದೆ, ದೂರಕ್ಕೆ ಬೇಕಾದದ್ದು ಅದೇ. ಬೆಂಗಳೂರಿನ ಮಹಡಿಯ ಮೇಲೆ ನಾವು ಪಡುವ ಪಾಡು ಅಲ್ಲಿಲ್ಲ. ಅದೇ ಉಪ್ಪುನೀರು ಆಂಟೆನಾದ ಬುಡಕ್ಕೆ ಶತ್ರು. 14 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಉದ್ದ ಸುಮಾರು ಐದು ಮೀಟರ್. ಐದು ಮೀಟರ್ ಕಡ್ಡಿಯ ಬುಡದಲ್ಲಿ, ನೀರಿನ ಮಟ್ಟದಿಂದ ಗೇಣು ಮೇಲೆ, ಪ್ರತಿ ಅಲೆಯೂ ಉಪ್ಪುನೀರಿನ ಪದರ ಸವರಿ ಹೋಗುತ್ತದೆ. ಹೊರಗೆ ಬೋಲ್ಟು ಹಾಕಿ ಕಟ್ಟಿದರೆ ಆ ಪದರವೇ ಸಂಕೇತವನ್ನು ನೀರಿಗೆ ಸೋರಿಸುತ್ತದೆ, ತುಕ್ಕೂ ಹತ್ತುತ್ತದೆ. ತಂತಿಯನ್ನು ಪೂರ್ತಿ ಫೈಬರ್ ಗ್ಲಾಸ್ ಕೋಲಿನೊಳಗೆ ತೂರಿಸಿ, ಕೋಲನ್ನು ಪಿವಿಸಿ ಕೊಳವೆಯೊಳಕ್ಕೆ ಇಳಿಸಿ, ಸಂದುಗಳಿಗೆ ಸಾಲ್ವೆಂಟ್ ಸಿಮೆಂಟ್ ಹಚ್ಚುವುದೇ ಒಳ್ಳೆಯದು. ಅಡಿಯಲ್ಲಿ ಬ್ಯಾಟರಿಗಳೇ ಭಾರ. ಅವು ಸಾಲದಿದ್ದರೆ ಸರಪಳಿ ತುಂಡು. ಜಿಪಿಎಸ್ ಆಂಟೆನಾ ನೀರಿನ ಮೇಲೆ ಇರಲೇಬೇಕು. ಆ ತರಂಗಗಳು ಪ್ಲಾಸ್ಟಿಕ್ಕನ್ನು ದಾಟುತ್ತವೆ, ಉಪ್ಪುನೀರನ್ನು ದಾಟುವುದಿಲ್ಲ.

ವಿದ್ಯುತ್ತಿನ ಲೆಕ್ಕ ಸುಲಭ. ಪ್ರಸಾರದ ಹೊತ್ತಿನಲ್ಲಿ ಯಂತ್ರ ಅರ್ಧ ವ್ಯಾಟ್ ನುಂಗುತ್ತದೆ ಎಂದುಕೊಂಡು, ಗಂಟೆಗೆ ಎರಡು ಸಂದೇಶ ಕಳಿಸಿದರೆ, ಜಿಪಿಎಸ್ ಖರ್ಚೂ ಸೇರಿ ದಿನಕ್ಕೆ ಒಂದು ವ್ಯಾಟ್-ಅವರ್ ಆಗುತ್ತದೆ. ದೊಡ್ಡ ಟಾರ್ಚಿನ ಎಂಟು ಆಲ್ಕಲೈನ್ ಸೆಲ್‌ಗಳಲ್ಲಿ ಅಂಥ ಮೂರು ನಾಲ್ಕು ತಿಂಗಳ ಆಹಾರವಿದೆ. ಸೌರಫಲಕ ಹಾಕಬಹುದಲ್ಲ ಎಂದು ಪ್ರತಿ ಸಲವೂ ಒಬ್ಬರು ಕೇಳುತ್ತಾರೆ. ಹಾಕಬಹುದು, ಕಡಲಹಕ್ಕಿಗಳಿಗೆ ಕೂರಲು ಅದಕ್ಕಿಂತ ಒಳ್ಳೆಯ ಜಾಗ ಆ ಸುತ್ತಿನಲ್ಲಿ ಇರುವುದಿಲ್ಲ, ಕುಳಿತ ಹಕ್ಕಿ ಏನು ಮಾಡುತ್ತದೆಂದು ನಿಮಗೆ ಗೊತ್ತು.

ಇಲ್ಲಿಯವರೆಗೆ ರೇಡಿಯೊ. ಬುರುಡೆ ತಿಳಿಸಿದ ದಾರಿ ನಿಜಕ್ಕೂ ಯಾವುದರ ದಾರಿ ಎಂಬುದು ಬೇರೆ ಪ್ರಶ್ನೆ, ನಮ್ಮ ಹ್ಯಾಮ್ ಬಳಗ ಇದರಲ್ಲಿ ಕೊಂಚ ಉದಾಸೀನ. ಐದು ಮೀಟರ್ ಕೋಲು ಎತ್ತಿಕೊಂಡ ಕೊಳವೆಯನ್ನು ಗಾಳಿ ತಳ್ಳುತ್ತದೆ. ನಕ್ಷೆಯ ಮೇಲೆ ಮೂಡಿದ ಗೆರೆ ಅರ್ಧ ಪ್ರವಾಹದ್ದು, ಅರ್ಧ ಗಾಳಿಯದ್ದು. ವಿಜ್ಞಾನಿಗಳ ಡ್ರಿಫ್ಟರ್‌ಗಳಿಗೆ ಹದಿನೈದು ಮೀಟರ್ ಆಳದಲ್ಲಿ ತೂತುಗಳುಳ್ಳ ಉದ್ದನೆಯ ಬಟ್ಟೆಯ ಕೊಳವೆ ತೂಗುತ್ತಿರುತ್ತದೆ. ಅದನ್ನು ಡ್ರೋಗ್ ಎನ್ನುತ್ತಾರೆ. ಅದು ನೀರನ್ನು ಹಿಡಿದುಕೊಂಡು, ಮೇಲಿನ ಬುರುಡೆ ಗಾಳಿಗೆ ಓಡದಂತೆ ತಡೆಯುತ್ತದೆ. ಡ್ರೋಗ್ ಕಳಚಿದ ದಿನ ಯಾವುದೆಂದು ತಿಳಿಯಲು ಅದರಲ್ಲೊಂದು ಸಂವೇದಕವೂ ಇರುತ್ತದೆ. ‘ಅಡಿಯ ಭಾರ ಕಳಚಿದೆ’ ಎಂಬುದಕ್ಕೆ ನನ್ನ ಕೋಷ್ಟಕದಲ್ಲಿ ಜಾಗ ಕೊಟ್ಟದ್ದು ಇದೇ ಕಾರಣಕ್ಕೆ.

ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದು ಎಂಎಚ್370 ವಿಮಾನದ ಹುಡುಕಾಟದಲ್ಲಿ ಎಲ್ಲರಿಗೂ ಗೊತ್ತಾಯಿತು. 2014ರ ಮಾರ್ಚ್ 8ರಂದು ಕಾಣೆಯಾದ ಆ ವಿಮಾನದ ರೆಕ್ಕೆಯ ಭಾಗ 2015ರ ಜುಲೈನಲ್ಲಿ ರಿಯೂನಿಯನ್ ದ್ವೀಪದ ದಡದಲ್ಲಿ ಸಿಕ್ಕಿತು. ಎಲ್ಲಿಂದ ತೇಲಿ ಬಂದಿರಬಹುದೆಂದು ಲೆಕ್ಕ ಹಾಕಲು ಆಸ್ಟ್ರೇಲಿಯಾದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್ಐಆರ್‌ಒ, ಡ್ರಿಫ್ಟರ್‌ಗಳ ಹಳೆಯ ದಾಖಲೆಗಳನ್ನು ತೆರೆಯಿತು, ಡ್ರೋಗ್ ಇದ್ದವನ್ನು ಒಂದು ಕಡೆ, ಕಳಚಿದವನ್ನು ಇನ್ನೊಂದು ಕಡೆ ಇಟ್ಟು. ಅದೇ ರೆಕ್ಕೆಯ ಭಾಗದ ಮಾದರಿಗಳನ್ನೂ, ಬಳಿಕ ನಿಜವಾದ ಬೋಯಿಂಗ್ 777ರ ತುಂಡನ್ನೂ ಸಮುದ್ರಕ್ಕೆ ಬಿಟ್ಟು ನೋಡಿದರು. ನಿಜವಾದದ್ದು ಮಾದರಿಗಳಿಗಿಂತ ವೇಗವಾಗಿ, ಗಾಳಿಯ ದಿಕ್ಕಿನಿಂದ ಎಡಕ್ಕೆ ಓರೆಯಾಗಿ ಸಾಗಿತು. ಆಕಾರ ಸ್ವಲ್ಪ ಬದಲಾದರೂ ದಾರಿ ಬದಲಾಗುತ್ತದೆ. ಹಳೆಯ ವಿಸ್ಪರ್ ದಾಖಲೆಗಳಲ್ಲೇ ಆ ವಿಮಾನದ ದಾರಿ ಅಡಗಿದೆಯಂತಲ್ಲ ಎಂದು ಸಭಿಕರೊಬ್ಬರು ಕೇಳಿದರು. ಆ ವಾದ ಇದೆ, ನನಗೆ ಒಪ್ಪಿಗೆಯಿಲ್ಲ. ದಿನವಿಡೀ ಏರಿಳಿಯುವ ಅಯಾನುಗೋಳದ ಚಂಚಲತೆಯಲ್ಲಿ, ಸಾವಿರಾರು ಕಿಲೋಮೀಟರ್ ಆಚೆಯ ಒಂದು ವಿಮಾನದ ನೆರಳನ್ನು ಬೇರ್ಪಡಿಸುವುದು ಈ ಸಂಕೇತಗಳಿಂದ ಆಗುವ ಕೆಲಸವಲ್ಲ.

ನಮ್ಮ ಕಡಲಿನಲ್ಲಿ ಬುರುಡೆ ಬಿಟ್ಟರೆ ಎಲ್ಲಿಗೆ ಹೋದೀತು? ಅದು ತಿಂಗಳ ಮೇಲೆ ನಿಂತಿದೆ. ಪಶ್ಚಿಮ ಕರಾವಳಿಯ ಪ್ರವಾಹ ಮುಂಗಾರಿನಲ್ಲಿ ದಕ್ಷಿಣಕ್ಕೆ ಹರಿಯುತ್ತದೆ, ನವೆಂಬರಿನಿಂದ ಫೆಬ್ರುವರಿವರೆಗೆ ಉತ್ತರಕ್ಕೆ. ಡಿಸೆಂಬರಿನಲ್ಲಿ ಮಂಗಳೂರಿನ ಆಚೆ ಬಿಟ್ಟದ್ದು ಕಾರವಾರದ ಎಂಕೆ74 ಚೌಕದ ಕಡೆಗೆ ಮುಖ ಮಾಡುವ ಸಂಭವ ಹೆಚ್ಚು. ಜುಲೈನಲ್ಲಿ ಬಿಟ್ಟದ್ದು ಕೇರಳದ ಕಡೆಗೆ ಇಳಿದು, ಅದೃಷ್ಟವಿದ್ದರೆ ಶ್ರೀಲಂಕಾದ ತೆಂಕಣ ಅಂಚಿನಲ್ಲಿ ಪೂರ್ವಕ್ಕೆ ಓಡುವ ಮುಂಗಾರು ಪ್ರವಾಹಕ್ಕೆ ಸಿಕ್ಕಿ ಬಂಗಾಳ ಕೊಲ್ಲಿಗೆ ಸೇರಬಹುದು. ಒಂದೇ ಜಾಗದಿಂದ ಎರಡು ಋತುಗಳಲ್ಲಿ ಎರಡು ಬುರುಡೆ ಬಿಟ್ಟು ಎರಡು ಗೆರೆಗಳನ್ನು ಒಂದೇ ನಕ್ಷೆಯ ಮೇಲೆ ಹಾಕಿದರೆ, ಶಾಲಾ ಮಕ್ಕಳಿಗೆ ಮಾನ್ಸೂನ್ ಪಾಠ ಮಾಡಲು ಬೇರೆ ಚಿತ್ರ ಬೇಡ.

ಗೆರೆಯನ್ನು ಓದುವುದೂ ಒಂದು ರುಚಿ. ವಾರಗಟ್ಟಲೆ ಅರ್ಧ ನಾಟ್‌ನಲ್ಲಿ ಅಡ್ಡಾದಿಡ್ಡಿ ತಿರುಗುತ್ತಿದ್ದ ಬುರುಡೆ ಏಕಾಏಕಿ ಎಂಟು ನಾಟ್‌ನಲ್ಲಿ ಸರಳರೇಖೆಯಲ್ಲಿ ಬಂದರಿನ ಕಡೆಗೆ ಓಡತೊಡಗಿದರೆ, ‘ಮಲಗಿದೆ’ ಎಂಬ ಸ್ಥಿತಿಯೂ ಜೊತೆಗೆ ಬಂದರೆ, ಅದು ಯಾವುದೋ ದೋಣಿಯ ಅಟ್ಟದ ಮೇಲಿದೆ. ಜಾಗ ಬದಲಾಗದೆ, ತಾಪಮಾನ ಮಾತ್ರ ರಾತ್ರಿ 24, ಮಧ್ಯಾಹ್ನ ಕೋಷ್ಟಕದ ತುದಿಯ 35ಕ್ಕೆ ಅಂಟಿ ನಿಂತರೆ ಮರಳಿನ ಮೇಲಿದೆ. ಕಡಲ ನೀರು ಒಂದೇ ದಿನದಲ್ಲಿ ಅಷ್ಟು ಏರಿಳಿಯುವುದಿಲ್ಲ. ಸಂದೇಶಗಳು ರಾತ್ರಿ ನಿಂತು ಹಗಲು ಬರುತ್ತಿದ್ದರೆ ಗಾಬರಿ ಬೇಡ, ಅದು ಅಯಾನುಗೋಳದ ದಿನಚರಿ. ಹಗಲಲ್ಲೂ ಬಾರದಿದ್ದರೆ, ಕೊನೆಯ ಕೆಲವು ದಿನಗಳ ವೋಲ್ಟೇಜ್ ನೋಡಿ. ಮೆಲ್ಲನೆ ಇಳಿಯುತ್ತಿತ್ತೆಂದರೆ ಸೆಲ್ ಮುಗಿದಿದೆ, ತುಂಬಿದ್ದಾಗಲೇ ನಿಂತಿದ್ದರೆ ನೀರು ನುಗ್ಗಿದೆ.

ಕೊನೆಯದಾಗಿ ಕಾನೂನು. ಕೈಯಲ್ಲಿ ಹ್ಯಾಮ್ ಪರವಾನಗಿ ಇದೆ ಎಂದ ಮಾತ್ರಕ್ಕೆ, ಯಾರೂ ಕಾವಲಿಲ್ಲದ ಪ್ರಸಾರ ಯಂತ್ರವನ್ನು ಸಮುದ್ರಕ್ಕೆ ಬಿಟ್ಟುಬಿಡಬಹುದು ಎಂದು ತಿಳಿಯಬೇಡಿ. ಪರವಾನಗಿ ಕೊಟ್ಟ ಇಲಾಖೆಗೂ ಕರಾವಳಿ ಕಾವಲು ಪಡೆಗೂ ಮೊದಲೇ ಬರೆದು ಅನುಮತಿ ಪಡೆಯಿರಿ. ಬ್ಯಾಟರಿ, ತಂತಿ, ಆಂಟೆನಾ ತುಂಬಿದ ಮುಚ್ಚಿದ ಕೊಳವೆ ದಡಕ್ಕೆ ಬಂದರೆ ಪೊಲೀಸರು ಅದನ್ನು ಯಾವ ದೃಷ್ಟಿಯಿಂದ ನೋಡುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಳದಿ ಬಣ್ಣ ಬಳಿಯಿರಿ. ಕೊಳವೆಯ ಮೇಲೆ ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ, ಬಿಸಿಲಿಗೆ ಮಾಸದ ಬಣ್ಣದಲ್ಲಿ ಬರೆಯಿರಿ: ಇದು ಸ್ಫೋಟಕವಲ್ಲ, ಪ್ರವಾಹ ಅಳೆಯುವ ರೇಡಿಯೊ, ಸಿಕ್ಕವರು ಈ ಸಂಖ್ಯೆಗೆ ಕರೆ ಮಾಡಿ. ಬಹುಮಾನ ಕೊಡುವುದಾದರೆ ಮೊತ್ತವನ್ನೂ ಬರೆಯಿರಿ. ತೇಲುವ ವಸ್ತುವಿನ ನೆರಳಿಗೆ ಮೀನು ಸೇರುತ್ತದೆ, ಮೀನಿನ ಹಿಂದೆ ದೋಣಿ ಬರುತ್ತದೆ. ಸಿಗುವುದು ಮೀನುಗಾರರ ಕೈಗೇ, ಆದ್ದರಿಂದ ಬಿಡುವ ಮೊದಲು ಬಂದರಿಗೆ ಹೋಗಿ ಅವರಿಗೊಮ್ಮೆ ತೋರಿಸಿ ಬನ್ನಿ.